ಕತ್ತೆಬಾಲಕ್ಕೆ ಬಿಸಿಲು ಬೇಕು

ಆ ಗಿಡ ಮನೆಗೆ ಬಂದದ್ದು ಲಿಫ್ಟಿನಲ್ಲಿ ಇಳಿದು, ಸ್ಕೂಟರಿನಲ್ಲಿ ಕೂತು. ಹಲ್ಲಕ್ಕನ ಗಂಡ ಲಿಫ್ಟ್ ರಿಪೇರಿಯವನು. ಯಾವುದೋ ಕಂಪನಿಯವರು ಖಾಲಿ ಮಾಡುತ್ತಿದ್ದ ಒಂಬತ್ತನೇ ಮಹಡಿಯಲ್ಲಿ, ಮುರಿದ ಕುರ್ಚಿಗಳ ಜೊತೆ ಕಸಕ್ಕೆ ಹೋಗಲು ಕಾದಿದ್ದ ಒಂದು ತೂಗುಕುಂಡ ಅವನ ಕಣ್ಣಿಗೆ ಬಿತ್ತು. ಅಮ್ಮನಿಗೆ ಹೊತ್ತು ಹೋದೀತು ಅಂದುಕೊಂಡು ಸ್ಕೂಟರಿನ ಮುಂದೆ ಕಾಲುಗಳ ನಡುವೆ ಇಟ್ಟುಕೊಂಡು ತಂದ. ಕುಂಡದ ಸುತ್ತ ಮೊಳದುದ್ದದ ಬಾಲಗಳು. ಬಾಲದ ತುಂಬ ಬೂದಿ ಬಳಿದಂಥ ಹಸಿರಿನ, ರಸ ತುಂಬಿದ ಪುಟ್ಟ ಪುಟ್ಟ ಎಲೆಗಳು, ಜಡೆ ಹೆಣೆದ ಹಾಗೆ ಒತ್ತೊತ್ತಾಗಿ. ದಾರಿಯಲ್ಲಿ ಗುಂಡಿಗೊಂದು ಹಿಡಿ ಉದುರಿ, ಮನೆ ಮುಟ್ಟುವಾಗ ಎರಡು ಬಾಲ ಬೋಳಾಗಿದ್ದವು.

"ಇದೇನೋ ಇದು, ಕತ್ತೆ ಬಾಲ ಇದ್ದಂಗಿದೆ" ಅಂದಳು ಅತ್ತೆ.

"ಅದರ ಹೆಸರೇ ಅದಂತೆ ಅಮ್ಮ. ವಾಚ್‌ಮನ್ ಹೇಳಿದ."

"ಸ್ಕೂಟರ್ ಮೇಲೆ ಉದುರಿರೋದನ್ನೆಲ್ಲ ಆರಿಸ್ಕೊಂಡು ಬಾ ಹೋಗು."

"ಉದುರಿದ್ದು ಏನಕ್ಕೆ?"

"ತಂದವನು ಕೇಳಬಾರದು. ಮೂರು ಮಹಡಿ ತಾನೇ, ಇಳಿ."

ಹಲ್ಲಕ್ಕ ಆಗ ಒಲೆಯ ಮುಂದಿದ್ದಳು. ಒಂದು ಕಿವಿ ಕುಕ್ಕರಿನ ಸೀಟಿಗೆ, ಒಂದು ಕಿವಿ ಮಗಳ ಪಾಠಕ್ಕೆ. ಗಿಡಕ್ಕೆ ಕೊಡಲು ಮೂರನೇ ಕಿವಿ ಇರಲಿಲ್ಲ. ಅವಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸಕ್ಕಿದ್ದಳು. ಮೇಣದಲ್ಲಿ ಹಲ್ಲು ಕೂರಿಸುವುದು, ಅಚ್ಚು ಬೇಯಿಸುವುದು, ಚಕ್ರಕ್ಕೆ ಹಿಡಿದು ಹೊಳಪು ಕೊಡುವುದು. ಅಲ್ಲಿನ ಹುಡುಗಿಯರು ಇಟ್ಟ 'ಹಲ್ಲಕ್ಕ' ಅನ್ನುವ ಹೆಸರು ಬೀದಿಗೆ ಬಂದು, ಕಡೆಗೆ ಅತ್ತೆಯ ಬಾಯಿಗೂ ಹತ್ತಿತ್ತು. ಬೆಳಗ್ಗೆ ಐದಕ್ಕೆ ಎದ್ದರೆ ಅವಳ ಕಾಲಿಗೆ ಚಕ್ರ. ಊಟವನ್ನು ಕೂಡ ಕಟ್ಟೆಗೆ ಒರಗಿ ನಿಂತೇ ಮಾಡುತ್ತಿದ್ದಳು. "ಕೂತ್ಕೊಂಡ್ರೆ ಅನ್ನ ಗಂಟಲಲ್ಲಿ ಇಳಿಯಲ್ವೇನೇ?" ಅಂತ ಗಂಡ ಕೇಳಿದರೆ, "ಕೂತ್ಕೊಂಡ್ರೆ ಎದ್ದೇಳೋಕೆ ಇನ್ನೊಬ್ಬರು ಬೇಕಾಗತ್ತೆ ರೀ" ಅನ್ನುತ್ತಿದ್ದಳು.

ಅತ್ತೆ ಮೂವತ್ತು ವರ್ಷ ಅಂಗಿ ಫ್ಯಾಕ್ಟರಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕಿದವಳು. ರಿಟೈರಾಗಿ ಆರು ವರ್ಷವಾಗಿದ್ದರೂ ಬೆರಳಿಗೆ ಆ ಸುದ್ದಿ ತಲುಪಿರಲಿಲ್ಲ. ಟಿ.ವಿ. ನೋಡುವಾಗ ಸೆರಗಿನ ಅಂಚನ್ನಾದರೂ ಮಡಚುತ್ತ, ಬಿಚ್ಚುತ್ತ ಇರುವವಳು. ಉದುರಿದ ಎಲೆಗಳನ್ನು ಅವಳು ಹಳೇ ಪೇಪರಿನ ಮೇಲೆ ಒಂದಕ್ಕೊಂದು ತಾಗದಂತೆ ಹರವಿ, ಊಟದ ಮೇಜಿನ ಮೇಲಿಟ್ಟಳು. ಮಾರನೇ ದಿನ ಹಲ್ಲಕ್ಕ ಅದನ್ನು ಮಡಚಿ ಕಸದ ಬುಟ್ಟಿಗೆ ಹಾಕಲು ಹೋದಾಗ ಅಡ್ಡ ಬಂದಳು.

"ಇಡು ಇಡು. ಮೂರು ದಿನ ಹಂಗೇ ಇರಬೇಕು. ಗಾಯ ಒಣಗಬೇಕು."

"ಎಲೆಗೆ ಎಂಥ ಗಾಯ ಅತ್ತೆ?"

"ಕಿತ್ತು ಬಂದ ಜಾಗ. ಹಸೀದು ಮಣ್ಣಿಗೆ ಇಟ್ರೆ ಕೊಳೆಯತ್ತಂತೆ. ನರ್ಸರಿಯವನನ್ನ ಕೇಳ್ಕೊಂಡು ಬಂದೆ."

"ಮೂರು ದಿನ ನಾವು ಎಲ್ಲಿ ಉಣ್ಣೋದು?"

"ನೀನು ಹೆಂಗೂ ನಿಂತ್ಕೊಂಡೇ ಉಣ್ತೀಯಲ್ಲ."

ಮಗಳು ಗುಬ್ಬಿ ಕಿಸಕ್ಕನೆ ನಕ್ಕಳು. ಹದಿನೈದು ವರ್ಷದ ಹುಡುಗಿ. ಅಜ್ಜಿಯ ಜೊತೆ ಒಂದೇ ಕೋಣೆ, ಒಂದೇ ಬೀರು. ಅಜ್ಜಿಯ ಗೊರಕೆಯನ್ನು ಬೈಯುತ್ತ, ಅಜ್ಜಿ ಇಲ್ಲದೆ ತಲೆ ಬಾಚಿಕೊಳ್ಳಲಾರದೆ ಬೆಳೆದವಳು.

ಮೂರು ದಿನ ಕಳೆದ ಮೇಲೆ ಮಣ್ಣಿನ ಗಲಾಟೆ. ಈ ಗಿಡಕ್ಕೆ ನೀರು ನಿಲ್ಲಬಾರದು, ಬರೀ ಮಣ್ಣು ಆಗುವುದಿಲ್ಲ, ಮರಳು ಬೇಕು, ಇಟ್ಟಿಗೆ ಚೂರು ಬೇಕು. ಅತ್ತೆ ಎದುರಿನ ಕಟ್ಟಡದ ಮೇಸ್ತ್ರಿಯನ್ನು ಮಾತಾಡಿಸಿ ಒಂದು ಚೀಲ ಮರಳು ಗಿಟ್ಟಿಸಿದಳು. ಇಟ್ಟಿಗೆಯನ್ನು ಬಾಲ್ಕನಿಯಲ್ಲಿ ಕುಟ್ಟಿದಳು. ಕೆಳಗಿನ ಮನೆಯವರು ಮೇಲೆ ಬಂದು ಕೇಳಿ ಹೋದರು. ಎಲ್ಲವನ್ನೂ ಜರಡಿ ಹಿಡಿದಳು. ಯಾವ ಜರಡಿ ಅನ್ನುವುದು ಸಂಜೆ ಹಿಟ್ಟಿನ ಡಬ್ಬ ತೆಗೆದಾಗ ಹಲ್ಲಕ್ಕನಿಗೆ ಗೊತ್ತಾಯಿತು.

"ಅತ್ತೆ, ಇದರಲ್ಲಿ ನಾವು ತಿನ್ನೋ ಹಿಟ್ಟು ಜರಡಿ ಹಿಡೀತೀವಿ!"

"ತೊಳೆದಿಟ್ಟಿದೀನಲ್ಲ."

"ಕರಕರ ಅನ್ನತ್ತೆ. ನೋಡಿ, ಹಲ್ಲಿಗೆ ಸಿಗತ್ತೆ."

"ಸಿಗಲಿ ಬಿಡು. ಹಲ್ಲು ಮುರಿದ್ರೆ ಮನೇಲೇ ಮಾಡೋರಿದ್ದಾರೆ."

ಗಂಡ ನಕ್ಕ. ಹಲ್ಲಕ್ಕ ನಗಲಿಲ್ಲ. ಜರಡಿಯನ್ನು ಅತ್ತೆಯ ಕೈಗೆ ಕೊಟ್ಟು, ಮಾರನೇ ದಿನ ಬೇರೆ ತಂದಳು.

ಮೂರನೇ ವಾರಕ್ಕೆ ಎಲೆಗಳ ಬುಡದಲ್ಲಿ ಗುಲಾಬಿ ಬಣ್ಣದ ಬೇರು ಬಂತು, ದಾರದ ತುದಿಯ ಹಾಗೆ. ಆಮೇಲೆ ಸಾಸಿವೆಯಷ್ಟು ಚಿಗುರು. ಒಂದೊಂದು ಎಲೆಗೂ ಒಂದೊಂದು ಗಿಡ! ಅತ್ತೆಗೆ ಕನ್ನಡಕ ಹಾಕಿದ್ದೂ ಸಾಲದೆ, ಗುಬ್ಬಿಯ ಜಾಮಿಟ್ರಿ ಡಬ್ಬಿಯ ಭೂತಗನ್ನಡಿ ತೆಗೆದುಕೊಂಡು ನೋಡುವ ಹುಚ್ಚು ಹಿಡಿಯಿತು. ತಟ್ಟೆ, ಬಾಂಡಲಿ, ಮೊಟ್ಟೆ ಟ್ರೇ, ಹಳೇ ಕೇಕಿನ ಡಬ್ಬ ಎಲ್ಲದಕ್ಕೂ ತೂತು ಬಿತ್ತು, ಮಣ್ಣು ತುಂಬಿತು. ಫ್ರಿಜ್ಜಿನ ಮೇಲೆ, ವಾಷಿಂಗ್ ಮಷೀನಿನ ಮೇಲೆ, ಗುಬ್ಬಿಯ ಓದುವ ಮೇಜಿನ ಮೇಲೆ. ಬಿಸಿಲು ಬರುವುದು ಬಾಲ್ಕನಿಗೆ ಮಾತ್ರ, ಅದೂ ಹನ್ನೊಂದು ಗಂಟೆವರೆಗೆ. ಅಲ್ಲಿಗೆ ಟ್ರೇಗಳು ಪಾಳಿಯ ಮೇಲೆ ಹೋಗಿ ಬರುತ್ತಿದ್ದವು. ಬೆಳಗ್ಗೆ ಈ ಟ್ರೇ, ಹತ್ತು ಗಂಟೆಗೆ ಆ ಟ್ರೇ. ಫ್ಯಾಕ್ಟರಿಯ ಶಿಫ್ಟು ಅತ್ತೆ ಮರೆತಿರಲಿಲ್ಲ. ದೊಡ್ಡ ಕುಂಡ ಮಾತ್ರ ಖಾಯಂ ನೌಕರ. ಅದು ಬಟ್ಟೆ ಹಗ್ಗದ ಕೊಕ್ಕೆಗೇ ನೇತುಬಿದ್ದಿತ್ತು. ಹಗ್ಗ ಪಕ್ಕಕ್ಕೆ ಸರಿದು, ಗೋಡೆಯ ನೆರಳಿಗೆ ಹೋಗಿತ್ತು.

ನೆರಳಿನಲ್ಲಿ ಬಟ್ಟೆ ಒಣಗುತ್ತದೆಯೇ?

ಒಂದು ಸೋಮವಾರ ಬೆಳಗ್ಗೆ ಗುಬ್ಬಿ ಸ್ಕೂಲಿನ ಅಂಗಿ ಹಿಡಿದುಕೊಂಡು ಬಂದಳು. "ಅಮ್ಮಾ, ಇನ್ನೂ ಒದ್ದೆ. ವಾಸನೆ ಬರ್ತಿದೆ. ಹಾಕ್ಕೊಂಡು ಹೋದ್ರೆ ಪಕ್ಕದಲ್ಲಿ ಯಾರೂ ಕೂರಲ್ಲ."

"ಇನ್ನೊಂದು ಹಾಕ್ಕೋ."

"ಅದೂ ಹಗ್ಗದ ಮೇಲೇ ಇದೆ."

ಗಂಡನಿಗೆ ಆಗಲೇ ಫೋನು ಬಂದು, ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆಂದು ಸಾಕ್ಸು ಹುಡುಕುತ್ತಿದ್ದ. ಸಾಕ್ಸೂ ಒದ್ದೆ. ಹಾಲು ಉಕ್ಕಿತು. ಹಲ್ಲಕ್ಕ ಒಲೆ ಆರಿಸಿ, ಧಡಧಡ ಬಾಲ್ಕನಿಗೆ ಹೋಗಿ, ಹಗ್ಗದಿಂದ ಅಂಗಿಯನ್ನು ಸರ್ರನೆ ಎಳೆದಳು. ಅಂಗಿಯ ತೋಳು ದೊಡ್ಡ ಕುಂಡಕ್ಕೆ ಸಿಕ್ಕಿತು. ಎಳೆದ ಜೋರಿಗೆ ಬಾಲಗಳೆಲ್ಲ ಒಮ್ಮೆ ಗೋಡೆಗೆ ಬಡಿದು, ಮಣಿಸರ ಹರಿದ ಹಾಗೆ ಎಲೆಗಳು ಬಳಬಳ ಸುರಿದವು. ಅವಳ ಕಾಲ ಕೆಳಗೂ ನಾಲ್ಕು ಪಚಕ್ಕೆಂದವು.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. "ಏನೇ ಇದು? ಎಷ್ಟು ತಿಂಗಳ ಬಾಲ ಅದು..."

ತಪ್ಪಾಯಿತು ಅನ್ನಬೇಕಾದ ಬಾಯಿ ಬೇರೆ ಮಾತಾಡಿತು. "ನಿಮ್ಮ ಕತ್ತೆಬಾಲಕ್ಕೆ ಅಷ್ಟು ಬಿಸಿಲು ಬೇಕಿದ್ರೆ ನೀವೇ ಒಂದು ಬೇರೆ ಮನೆ ನೋಡ್ಕೊಳ್ಳಿ ಅತ್ತೆ. ಇಲ್ಲಿ ಮನುಷ್ಯರು ಬಟ್ಟೆ ಒಣಗಿಸಬೇಕು!"

ಗುಬ್ಬಿ ಬಾಯಿ ಮುಚ್ಚಿಕೊಂಡಳು. ಗಂಡ ಆಗಲೇ ಮೆಟ್ಟಿಲು ಇಳಿದಿದ್ದ, ಕೇಳಿಸಿಕೊಳ್ಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಮೊಣಕಾಲಿಗೆ ಕೈ ಊರಿ ಕೂತು, ಎಲೆಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಳ್ಳತೊಡಗಿದಳು.

"ನೀನು ಹೊರಡು, ಬಸ್ಸು ತಪ್ಪತ್ತೆ" ಅಂದಳು. "ಉದುರೋದೇ ಇದರ ಜಾತಿ."

ಆ ದಿನ ಲ್ಯಾಬಿನಲ್ಲಿ ಹಲ್ಲಕ್ಕ ಒಂದು ಮೇಲಿನ ಸೆಟ್ಟಿಗೆ ಕೋರೆಹಲ್ಲುಗಳನ್ನು ಎಡ ಬಲ ಅದಲುಬದಲು ಕೂರಿಸಿ, ಯಜಮಾನನಿಂದ ಅನ್ನಿಸಿಕೊಂಡಳು. ಮನೆಯಲ್ಲಿ ಅತ್ತೆ ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಅವಳು ಕರೆದಾಗ 'ಓ' ಅನ್ನುತ್ತಿದ್ದಳು, ಬಡಿಸಿದ್ದು ಉಣ್ಣುತ್ತಿದ್ದಳು, ಹಗ್ಗವನ್ನು ಬಿಸಿಲಿಗೆ ಮರಳಿ ಕಟ್ಟಿದ್ದಳು. ಬಟ್ಟೆ ಗರಿಗರಿಯಾಗಿ ಒಣಗುತ್ತಿತ್ತು. ಅದನ್ನು ಮಡಚುವಾಗ ಹಲ್ಲಕ್ಕನಿಗೆ ಕೈ ಸುಟ್ಟಂತಾಗುತ್ತಿತ್ತು.

ತಪ್ಪಾಯಿತು ಅನ್ನಲು ನಾಲಿಗೆ ಏಳಲಿಲ್ಲ. ಅದರ ಬದಲು ಲ್ಯಾಬಿನಿಂದ ಒಂದು ಚೀಲ ತುಂಬ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳನ್ನು ತಂದಳು. ಹಲ್ಲಿನ ಸೆಟ್ಟು ಹಾಕಿ ಕೊಡುವ ಡಬ್ಬಿ, ಮುಚ್ಚಳ ಮುರಿದದ್ದು, ಬಣ್ಣ ಮಾಸಿದ್ದು. ಜೊತೆಗೊಂದು ಸೀಸೆ ಸ್ಪಿರಿಟ್ಟು.

"ಗಿಡದ ಸಂದಿಯಲ್ಲಿ ಬಿಳೀ ಹತ್ತಿಯಂಥ ಹುಳ ಇದೆ ಅಂತಿದ್ರಲ್ಲ. ಕಿವಿಗೆ ಹಾಕೋ ಕಡ್ಡಿಗೆ ಇದನ್ನ ಅದ್ದಿ ಮುಟ್ಟಿಸಿದ್ರೆ ಸಾಯತ್ತಂತೆ."

ಅತ್ತೆ ಒಂದು ಡಬ್ಬಿ ಎತ್ತಿ ತಿರುಗಿಸಿ ನೋಡಿದಳು. "ಅಳತೆ ಸರಿಯಾಗಿದೆ" ಅಂದಳು. ಅಷ್ಟೇ. ಆದರೆ ರಾತ್ರಿಯ ಊಟಕ್ಕೆ ಮೊಟ್ಟೆ ಒಡೆಯುವಾಗ, "ನಿನಗೂ ಒಂದು ಹಾಕಲೇನೇ?" ಅಂತ ಕೇಳಿದಳು. ಹಲ್ಲಕ್ಕನಿಗೆ ಹೋದ ಜೀವ ಬಂದಂತಾಯಿತು.

ತಾನು ತಂದ ಆ ಡಬ್ಬಿಗಳೇ ಮುಂದಿನದಕ್ಕೆಲ್ಲ ದಾರಿ ಮಾಡುತ್ತವೆಂದು ಅವಳಿಗೇನು ಗೊತ್ತು? ಬಿಡಿ ಬಿಡಿ ಡಬ್ಬಿಯಾದ ಮೇಲೆ ಗಿಡಗಳಿಗೆ ಕಾಲು ಬಂತು. ಮೊದಲು ಔಷಧಿ ಅಂಗಡಿಯವನ ಗಾಜಿನ ಕಟ್ಟೆಗೆ ಒಂದು ಹೋಯಿತು. ಅವನನ್ನು ನೋಡಿ ದರ್ಜಿ, ದರ್ಜಿಯನ್ನು ನೋಡಿ ಬಸ್ಸಿನಲ್ಲಿ ನಾಲ್ಕು ಸ್ಟಾಪು ಆಚೆಯ ಲಾಂಡ್ರಿಯಾಕೆ. ಅತ್ತೆ ಚೀಲ ಹಿಡಿದು ಮಧ್ಯಾಹ್ನ ಹೊರಟರೆ ಸಂಜೆಗೆ ಬರುತ್ತಿದ್ದಳು. ಕಾಸು ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಜೊತೆಗೆ ಬೈಗುಳದ ಹಾಗೆ ಬುದ್ಧಿವಾದ ಹೇಳುತ್ತಿದ್ದಳು: "ದಿನಾ ನೀರು ಹಾಕಿ ಸಾಯಿಸಬೇಡಿ. ಎಲೆ ಒತ್ತಿ ನೋಡಿ. ಗಟ್ಟಿ ಇದ್ರೆ ಸುಮ್ನಿರಿ. ಸುಕ್ಕಾದಾಗ ಒಂದು ಸಲ ತುಂಬ ಹಾಕಿ, ತೂತಿಂದ ಇಳಿದು ಹೋಗಲಿ. ಮುಟ್ಟಿ ಮುಟ್ಟಿ ಮುದ್ದು ಮಾಡಬೇಡಿ, ಉದುರತ್ತೆ."

ಆ ಸೋಮವಾರ ಕಳೆದು ಎರಡು ತಿಂಗಳಾಗುತ್ತ ಬಂದಿತ್ತು. ಒಂದು ಭಾನುವಾರ ಎಲ್ಲರೂ ಅಪರೂಪಕ್ಕೆ ಒಟ್ಟಿಗೆ ಊಟ ಮಾಡುತ್ತಿದ್ದಾಗ, ಅತ್ತೆ ತಟ್ಟೆಯ ಅಂಚಿಗೆ ಹಸಿಮೆಣಸಿನಕಾಯಿ ಸರಿಸಿ, "ನಾನೊಂದು ರೂಮು ನೋಡಿದೀನಿ" ಅಂದಳು.

"ಯಾರಿಗೆ?" ಅಂದ ಮಗ.

"ನನಗೇ ಕಣೋ. ಲಾಂಡ್ರಿ ಮೇಲೆ. ಪೂರ್ವಕ್ಕೊಂದು ಕಿಟಕಿ, ದಕ್ಷಿಣಕ್ಕೊಂದು. ಬೆಳಗ್ಗೆಯಿಂದ ಸಂಜೆವರೆಗೂ ಬಿಸಿಲು. ಆ ಲಾಂಡ್ರಿಯವಳ ಗಿರಾಕಿಗಳ ಬಟ್ಟೆಗೆ ಗುಂಡಿ ಹಾಕಿಕೊಟ್ರೆ ಬಾಡಿಗೆಯಲ್ಲಿ ಅರ್ಧ ಬಿಡ್ತಾಳಂತೆ. ಉಳಿದಿದ್ದಕ್ಕೆ ನನ್ನ ಪಿಂಚಣಿ ಇದೆ. ಒಂದನೇ ತಾರೀಕಿಗೆ ಹೋಗ್ತೀನಿ."

ಮಗನ ಕೈಯ ತುತ್ತು ಅರ್ಧದಲ್ಲಿ ನಿಂತಿತು. "ತಮಾಷೆ ಮಾಡ್ತಿದೀಯಾ?"

"ಗುಂಡಿ ವಿಷಯದಲ್ಲಿ ನಾನು ತಮಾಷೆ ಮಾಡಲ್ಲ."

"ಅಮ್ಮ! ಇಷ್ಟು ದೊಡ್ಡ ಮಗ ಇದ್ದೂ ನೀನು ಲಾಂಡ್ರಿ ಮೇಲೆ ಒಬ್ಬಳೇ ಇರೋದಾ? ಜನ ಏನಂತಾರೆ?"

"ಜನಾನಾ? ಅವರು ಬಂದು ಇಲ್ಲಿ ಬಟ್ಟೆ ಒಣಗಿಸಿಕೊಡ್ತಾರಾ?"

"ಎಷ್ಟು ಮೆಟ್ಟಿಲು?"

"ಹದಿನಾರು."

"ನಿನ್ನ ಮೊಣಕಾಲಿಗೆ ಹದಿನಾರು!"

"ಲಿಫ್ಟಿನವನ ಅಮ್ಮ ಮೆಟ್ಟಿಲು ಹತ್ತಬಾರದು ಅಂತ ಕಾನೂನಿದೆಯಾ? ಇಲ್ಲಿ ಮೂರು ಮಹಡಿ ಹತ್ತಿ ಇಳೀತಿದೀನಲ್ಲ, ಇಲ್ಲಿ ಯಾವ ಲಿಫ್ಟಿದೆ?"

ಅವನು ತಟ್ಟೆ ಸರಿಸಿ ಹೆಂಡತಿಯ ಕಡೆ ತಿರುಗಿದ. "ನಿನಗೆ ಗೊತ್ತಿತ್ತಾ?"

"ಇಲ್ಲ ರೀ. ನಿಮ್ಮಾಣೆಗೂ..."

"ಅಮ್ಮಾನೇ ಹೇಳಿದ್ದು" ಅಂದಳು ಗುಬ್ಬಿ, ಅನ್ನ ಕಲಸುತ್ತ. ಆಮೇಲೆ ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಕಲಸುವುದು ನಿಲ್ಲಿಸಿದಳು. "ಅಂದ್ರೆ... ಅವತ್ತು. ಬೇರೆ ಮನೆ ನೋಡ್ಕೊಳ್ಳಿ ಅಂತ."

ಆ ಮನೆಯಲ್ಲಿ ಅಂಥ ಜಗಳ ಹಿಂದೆಂದೂ ಆಗಿರಲಿಲ್ಲ. ಗಂಡ ಕೂಗಿದ. ಹಲ್ಲಕ್ಕ ಅತ್ತಳು, ಆಮೇಲೆ ಅವಳೂ ಕೂಗಿದಳು: ನಿಮ್ಮ ಸಾಕ್ಸು ಒಣಗಿಸಲು ಹೋಗಿ ಆಡಿದ ಮಾತು ಅದು, ನೀವು ತಂದ ಗಿಡ, ನಿಮ್ಮ ಅಮ್ಮ, ನಾನು ಯಾವಾಗ ಹೊರಗಿನವಳಾದೆ? ಅತ್ತೆ ಎದ್ದು ನಾಲ್ಕೂ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು.

"ಲೋ, ಸಾಕು ನಿಲ್ಸು. ಅವಳು ಓಡಿಸಿದ್ದಕ್ಕೆ ಹೋಗ್ತಿಲ್ಲ ನಾನು. ಅವಳು ಹೇಳದಿದ್ರೆ ನನಗೆ ಹೊಳೀತಾನೇ ಇರಲಿಲ್ಲ, ಅಷ್ಟೇ. ಮದುವೆಗೆ ಮುಂಚೆ ಅಪ್ಪನ ಮನೆ, ಆಮೇಲೆ ನಿಮ್ಮಪ್ಪನ ಮನೆ, ಈಗ ನಿನ್ನ ಮನೆ. ಬೇರೆ ಮನೆ ಅಂತ ಒಂದು ಇರತ್ತೆ ಅನ್ನೋದೇ ತಲೆಗೆ ಬಂದಿರಲಿಲ್ಲ."

ಅದನ್ನು ಮಗ ನಂಬಲಿಲ್ಲ. ಸೊಸೆಯೂ ಪೂರ್ತಿ ನಂಬಲಿಲ್ಲ. ಬಿಸಿತುಪ್ಪದ ಹಾಗೆ ಆ ಮಾತು ಅವಳ ಗಂಟಲಲ್ಲೇ ನಿಂತಿತು.

ಗಂಡ ಹೆಂಡತಿಯ ಜೊತೆ ಮಾತು ಬಿಟ್ಟ. ಏನು ಬೇಕಿದ್ದರೂ ಗುಬ್ಬಿಯ ಮೂಲಕ. "ನಿಮ್ಮಮ್ಮನಿಗೆ ಹೇಳು, ಉಪ್ಪು ಜಾಸ್ತಿ." "ನಿಮ್ಮಪ್ಪನಿಗೆ ಹೇಳು, ನೀರು ಕುಡೀಲಿ." ಗುಬ್ಬಿ ಎರಡು ದಿನ ಹೇಳಿ, ಮೂರನೇ ದಿನ "ನಾನೇನು ಪೋಸ್ಟಾಫೀಸಾ?" ಅಂತ ಕೈಯೆತ್ತಿದಳು. ಆದರೂ ಅಮ್ಮನನ್ನು ಉಳಿಸಿಕೊಳ್ಳಲು ಅವನು ತನಗೆ ಬಂದ ವಿದ್ಯೆಯನ್ನೆಲ್ಲ ಬಳಸಿದ. ಕೋಣೆಯ ಗೋಡೆಗೆ ಕಂಬಿ ಹೊಡೆದು ಮೂರು ಅಂತಸ್ತಿನ ಹಲಗೆ ಕೂರಿಸಿದ. ಮೇಲೆ ಟ್ಯೂಬ್‌ಲೈಟ್ ಹಾಕಿದ. ಬೆಳಗ್ಗೆ ಡ್ಯೂಟಿಗೆ ಹೊರಡುವ ಮುಂಚೆ, ಅಮ್ಮ ಸ್ನಾನಕ್ಕೆ ಹೋದಾಗ, ದೊಡ್ಡ ಕುಂಡಕ್ಕೂ ಪ್ರತಿ ಡಬ್ಬಿಗೂ ತಂಬಿಗೆಯಿಂದ ನೀರು ಹಾಕಿ ಹೋಗುತ್ತಿದ್ದ. ಹಲ್ಲಕ್ಕ ಅಡುಗೆಮನೆಯಿಂದ ಕಂಡಳು. ಹಾಕಬೇಡಿ ಅನ್ನಲು ಬಾಯಿ ತೆರೆದವಳು, ಮಾತು ಬಿಟ್ಟವನ ಜೊತೆ ನಾನೇಕೆ ಮೊದಲು ಮಾತಾಡಲಿ ಅಂತ ಮುಚ್ಚಿಕೊಂಡಳು. ಅದು ಅವಳ ಎರಡನೇ ತಪ್ಪು.

ವಾರ ಕಳೆಯುವುದರಲ್ಲಿ ಎಲೆಗಳು ಹಳದಿಯಾದವು, ಒಳಗೆ ದೀಪ ಹಚ್ಚಿಟ್ಟ ಹಾಗೆ ಪಾರದರ್ಶಕವಾದವು, ಬೆರಳಿಟ್ಟರೆ ನೀರಾದವು. ಅತ್ತೆ ದೊಡ್ಡ ಕುಂಡದ ಗಿಡವನ್ನು ಮೆಲ್ಲಗೆ ಎಳೆದಳು. ಬುಡ ಕಪ್ಪಾಗಿ, ಬೇರಿಲ್ಲದೆ ಕೈಗೇ ಬಂತು.

"ಯಾರು ನೀರು ಹಾಕಿದ್ದು?"

ಮಗ ಶೂ ಲೇಸು ಕಟ್ಟುತ್ತಿದ್ದವನು ತಲೆ ಎತ್ತದೆ, "ನಾನು" ಅಂದ.

"ದಿನಾನಾ?"

"ನೀರು ಹಾಕಿದ್ದೂ ತಪ್ಪಾ ಅಮ್ಮ? ನಿನಗೆ ಖುಷಿಯಾಗಲಿ ಅಂತ..." ಅವನ ದನಿ ಒಡೆಯಿತು. ನಲವತ್ತಾರು ವರ್ಷದ ಗಂಡಸು, ಒಂದು ಶೂ ಹಾಕಿ ಒಂದು ಕಾಲು ಬರಿದಾಗಿ, ಸ್ಟೂಲಿನ ಮೇಲೆ ಕೂತು ಮುಖ ಒರೆಸಿಕೊಂಡ.

ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟಳು. "ಪ್ರೀತಿಯಿಂದ ಹಾಕಿದ್ದು ಅಂತ ಬೇರಿಗೆ ಗೊತ್ತಾಗಲ್ಲ ಮಗಾ. ಅದಕ್ಕೆ ನೀರು ಅಂದ್ರೆ ನೀರು ಅಷ್ಟೆ." ಆಮೇಲೆ ಕತ್ತರಿ ತಂದು, ಬಾಲಗಳ ತುದಿಯಲ್ಲಿ ಇನ್ನೂ ಗಟ್ಟಿಯಿದ್ದ ನಾಲ್ಕು ನಾಲ್ಕು ಬೆರಳಷ್ಟನ್ನು ಕತ್ತರಿಸಿ, ಪೇಪರಿನ ಮೇಲೆ ಒಣಗಲು ಇಟ್ಟಳು. ಉಳಿದದ್ದನ್ನು ಕಸಕ್ಕೆ ಹಾಕಿ ಕೈ ತೊಳೆದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಹಲ್ಲಕ್ಕನ ಕಣ್ಣಲ್ಲಿತ್ತು.

ಆ ಸಂಜೆ ಗಂಡ ಮೊದಲ ಸಲ ನೇರವಾಗಿ ಮಾತಾಡಿದ. "ನೀನು ಹೇಳಿದ್ರೆ ಇರ್ತಾಳೆ. ಹೋಗಿ ಕೇಳು."

ಹಲ್ಲಕ್ಕ ಹೋದಳು. ಅತ್ತೆ ಮಂಚದ ಮೇಲೆ ತನ್ನ ಸೀರೆಗಳನ್ನು ಎರಡು ರಾಶಿ ಮಾಡುತ್ತಿದ್ದಳು: ಒಯ್ಯುವುದು, ಕೊಡುವುದು.

"ಅತ್ತೆ, ಹೋಗಬೇಡಿ. ಅವತ್ತು ನಾನು ಆಡಿದ ಮಾತು ತಪ್ಪು. ಇಲ್ಲೇ ಇರಿ."

"ಅವನು ಕಳಿಸಿದ್ನಾ?"

"ಹೂಂ."

"ಅವನ ಮಾತು ಆಯ್ತು. ಈಗ ನಿನ್ನ ಮಾತು ಹೇಳು. ನಿಜವಾಗ್ಲೂ, ನಾನು ಇಲ್ಲೇ ಇರಬೇಕಾ?"

ಇರಬೇಕು ಅನ್ನುವ ಮಾತು ಸಿದ್ಧವಾಗಿಯೇ ಇತ್ತು. ಬಾಯಿಗೆ ಬರಲಿಲ್ಲ. ಅತ್ತೆ ಇಲ್ಲದ ಬಾಲ್ಕನಿ, ಅತ್ತೆ ಇಲ್ಲದ ಅಡುಗೆಮನೆ, ಯಾರೂ ಇಣುಕಿ ನೋಡದ ತನ್ನ ಅಡುಗೆ ಡಬ್ಬಗಳು, ಗುಬ್ಬಿಗೊಂದು ಕೋಣೆ. ಜೊತೆಗೇ, ಸಂಜೆ ಬಂದಾಗ ಬಾಗಿಲು ತೆರೆಯುವ ಆ ಕೈ ಇಲ್ಲದಿರುವುದು. ಎರಡೂ ಒಟ್ಟಿಗೇ ಬಂದು ಅವಳ ಮುಂದೆ ನಿಂತವು.

"ಗೊತ್ತಿಲ್ಲ ಅತ್ತೆ" ಅಂದಳು.

ಅತ್ತೆ ಅವಳನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಹದಿನೇಳು ವರ್ಷ ಆಯ್ತು ಕಣೇ ನೀನು ಈ ಮನೆಗೆ ಬಂದು. ಇವತ್ತು ಮೊದಲ್ನೇ ಸಲ ನನ್ನ ಹತ್ರ ನಿಜ ಹೇಳಿದೆ. ಬಾ ಇಲ್ಲಿ, ಈ ಬ್ಯಾಗಿನ ಜಿಪ್ ಹಾಕಕ್ಕಾಗ್ತಿಲ್ಲ, ಎಳಿ."

ಒಂದನೇ ತಾರೀಕು ಗಂಡ ಬೇಕೆಂದೇ ಊರಾಚೆಯ ಡ್ಯೂಟಿ ಹಾಕಿಸಿಕೊಂಡು ಹೋದ. ಅತ್ತೆಯ ಮಂಚ, ಬ್ಯಾಗು ಲಾಂಡ್ರಿಯ ವ್ಯಾನಿನಲ್ಲಿ ಹೋದವು. ಗಿಡಗಳನ್ನು ವ್ಯಾನಿಗೆ ಕೊಡಲು ಅತ್ತೆ ಒಪ್ಪಲಿಲ್ಲ. ನೀರಿಗೆ ಸಿಕ್ಕೂ ಉಳಿದಿದ್ದ ಡಬ್ಬಿಗಳು ಎರಡು ಮೊಟ್ಟೆ ಪೆಟ್ಟಿಗೆಯಷ್ಟಿದ್ದವು. ಅತ್ತೆಯದೊಂದು, ಸೊಸೆಯದೊಂದು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಬಸ್ಸು ಬ್ರೇಕು ಹಾಕಿದಾಗಲೆಲ್ಲ ಎರಡೆರಡು ಎಲೆ ಉದುರುತ್ತಿದ್ದವು.

ಕಂಡಕ್ಟರ್ ಬಗ್ಗಿ ನೋಡಿದ. "ಏನಮ್ಮ ಇದು, ಹಲ್ಲಿನ ಡಬ್ಬೀಲಿ?"

"ಕತ್ತೆಬಾಲ" ಅಂದಳು ಅತ್ತೆ.

"ಕತ್ತೆಗೂ ಟಿಕೆಟ್ ಕೊಡಲಾ?"

"ಬಾಲಕ್ಕೆ ಅರ್ಧ ಟಿಕೆಟ್ ಕೊಡಿ ಸಾಕು."

ಹಿಂದಿನ ಸೀಟಿನವರು ನಕ್ಕರು. ಹಲ್ಲಕ್ಕ ಅತ್ತೆಯ ಮುಖ ನೋಡಿದಳು. ಶಾಲೆಯ ಪ್ರವಾಸಕ್ಕೆ ಹೊರಟ ಹುಡುಗಿಯ ಮುಖ ಅದು.

ಹಲ್ಲಕ್ಕ ಆ ಕೋಣೆಯನ್ನು ಮೂಲೆ ಮೂಲೆ ಜಾಲಾಡಿದಳು. ನಲ್ಲಿ ತಿರುಗಿಸಿದಳು, ಚಿಲಕ ಹಾಕಿ ತೆಗೆದಳು, ಕಿಟಕಿಯ ಸರಳು ಅಲ್ಲಾಡಿಸಿದಳು. ಕೆಳಗೆ ಇಸ್ತ್ರಿಯ ಹಬೆ, ಸೋಪಿನ ವಾಸನೆ. ಹೊರಗಿನ ಮೆಟ್ಟಿಲಿಗೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. "ಹುಷಾರು ಅತ್ತೆ" ಅಂತ ಹತ್ತು ಸಲ ಹೇಳಿ, ಬರಿಗೈಯಲ್ಲಿ ಬಸ್ಸು ಹತ್ತಿದಳು.

ಅತ್ತೆ ಹೋದ ಮೇಲೆ ಅತ್ತೆ ಮಾಡುತ್ತಿದ್ದ ಕೆಲಸಗಳು ಒಂದೊಂದಾಗಿ ಹೊರಗೆ ಬಂದವು. ಸಿಂಕಿನ ಜಾಲರಿ ತೊಳೆಯುವುದು, ಗ್ಯಾಸಿಗೆ ಫೋನು ಮಾಡುವುದು, ಅಂಗಿಯ ಗುಂಡಿ ಸಡಿಲವಾಗುವ ಮುಂಚೆಯೇ ಬಿಗಿ ಮಾಡುವುದು, ಹಾಲಿನವನ ಜೊತೆ ಜಗಳಾಡುವುದು. ಕೋಣೆ ಸಿಕ್ಕ ಸಂಭ್ರಮದಲ್ಲಿ ಗುಬ್ಬಿ ಮೂರು ದಿನ ಬಾಗಿಲು ಹಾಕಿಕೊಂಡು ಕೂತಳು. ನಾಲ್ಕನೇ ದಿನದಿಂದ ಸ್ಕೂಲು ಬಿಟ್ಟ ಮೇಲೆ ನೇರ ಅಜ್ಜಿಯ ಹತ್ತಿರ ಹೋಗಿ, ಕತ್ತಲಾಗುವ ಹೊತ್ತಿಗೆ ಎರಡು ಜಡೆ ಹಾಕಿಸಿಕೊಂಡು ಬರತೊಡಗಿದಳು. ಗಂಡ ಆ ಬೀದಿಯ ಕಡೆ ತಲೆ ಹಾಕಲಿಲ್ಲ. "ಅಜ್ಜಿ ಊಟ ಮಾಡಿದ್ಲಾ?" ಅಂತ ಮಾತ್ರ ದಿನಾ ಮಗಳನ್ನು ಕೇಳುತ್ತಿದ್ದ. "ನನಗಿಂತ ಚೆನ್ನಾಗಿ" ಅಂತ ಮಗಳು ದಿನಾ ಹೇಳುತ್ತಿದ್ದಳು. ಅದನ್ನು ಕೇಳಿ ಅವನ ಮುಖ ಇನ್ನಷ್ಟು ಸಣ್ಣದಾಗುತ್ತಿತ್ತು.

ಹಲ್ಲಕ್ಕನೂ ಹೋಗಿರಲಿಲ್ಲ. ಸಮಯವಿಲ್ಲ ಅನ್ನುವುದು ನಿಜ, ಭಯ ಅನ್ನುವುದು ಹೆಚ್ಚು ನಿಜ. ಅತ್ತೆ ಒಬ್ಬಳೇ ಕೂತು ಅಳುತ್ತಿದ್ದರೆ? ಅಳದೆ ಸುಖವಾಗಿದ್ದರೆ? ಯಾವುದನ್ನು ನೋಡಿದರೂ ತನಗೆ ತಡೆಯದು ಅನ್ನಿಸುತ್ತಿತ್ತು.

ಐದನೇ ವಾರ, ಒಂದು ಬುಧವಾರ, ಲ್ಯಾಬಿನಲ್ಲಿ ಹೊಳಪು ಕೊಡುವ ಮೋಟಾರು ಸುಟ್ಟಿತು. ಮಧ್ಯಾಹ್ನಕ್ಕೆ ಎಲ್ಲರನ್ನೂ ಮನೆಗೆ ಕಳಿಸಿದರು. ಹಲ್ಲಕ್ಕ ಮನೆಯ ಬಸ್ಸು ಬಿಟ್ಟು ಇನ್ನೊಂದು ಹತ್ತಿದಳು. ಯಾರಿಗೂ ಹೇಳಲಿಲ್ಲ.

ಮೆಟ್ಟಿಲಿನ ಬುಡದಲ್ಲಿ ಅವಳು ನಿಂತುಬಿಟ್ಟಳು. ಬಯಲಾಗಿದ್ದ ಕಡೆಗೆ ಕೆಳಗಿನಿಂದ ಮೇಲಿನವರೆಗೂ ಕಬ್ಬಿಣದ ಕಂಬಿ. ಲಿಫ್ಟಿನೊಳಗೆ ಕೈ ಹಿಡಿಯಲು ಇರುತ್ತದಲ್ಲ, ಅಂಥದೇ ದುಂಡನೆಯ ಕಂಬಿ. ಬಣ್ಣ ಇನ್ನೂ ಹಸಿ.

"ಮುಟ್ಟಬೇಡ, ಅಂಟತ್ತೆ" ಅಂದಳು ಮೇಲಿನಿಂದ ಅತ್ತೆ. "ನಿನ್ನೆ ಬಂದು ಹಾಕಿ ಹೋದ. ಮೇಲೆ ಬಾರೋ ಅಂದ್ರೆ ಬರಲಿಲ್ಲ. ಟೀ ಕೆಳಗೇ ತಗೊಂಡು ಹೋಗಿ ಕೊಟ್ಟೆ. ಲೋಟ ತೊಳೆದಿಟ್ಟು ಹೋದ."

"ನನಗೆ ಹೇಳಲೇ ಇಲ್ಲ."

"ಹೇಳ್ತಾನೆ. ಅವನಿಗೆ ಬೇರು ಬರೋದು ನಿಧಾನ."

ಕೋಣೆಯೊಳಗೆ ಎರಡು ಕಿಟಕಿಗೂ ಅಡ್ಡಡ್ಡ ಕೋಲು. ಕೋಲಿನ ತುಂಬ ತೂಗುಡಬ್ಬಿಗಳು. ಕತ್ತರಿಸಿ ನೆಟ್ಟ ತುದಿಗಳು ಬೇರು ಹಿಡಿದು, ಡಬ್ಬಿಯ ಅಂಚಿನಿಂದ ಈಗಷ್ಟೇ ಕೆಳಗೆ ಬಗ್ಗುತ್ತಿದ್ದವು. ಬಿಸಿಲು ಚೆನ್ನಾಗಿ ಬಿದ್ದ ಕಡೆ ಎಲೆಗಳ ತುದಿಗೆ ಸ್ವಲ್ಪ ಕೆಂಪು. ಹಲ್ಲಕ್ಕ ಚೀಲದಿಂದ ಸ್ಪಿರಿಟ್ಟಿನ ಹೊಸ ಸೀಸೆ ತೆಗೆದು ಕಟ್ಟೆಯ ಮೇಲಿಟ್ಟಳು. ಅಲ್ಲೇ ಬಿದ್ದಿದ್ದ ಎರಡು ತಟ್ಟೆ ಕಂಡು, ತೊಳೆಯಲು ಸೆರಗು ಸಿಕ್ಕಿಸಿದಳು.

"ಏ, ಬಿಡು ಅದನ್ನ."

"ಎರಡೇ ತಟ್ಟೆ ಅತ್ತೆ."

"ನನ್ನ ತಟ್ಟೆ, ನನ್ನ ಸಿಂಕು. ನೀನು ಇಲ್ಲಿ ನೆಂಟಳು. ಕೂತ್ಕೋ."

ಕುರ್ಚಿಯ ಮೇಲೆ ಗಿರಾಕಿಗಳ ಅಂಗಿಗಳ ರಾಶಿ. ಹಲ್ಲಕ್ಕ ಮಂಚದ ಅಂಚಿಗೆ ಕೂತಳು. ಅತ್ತೆ ಬಿಸಿ ಅನ್ನ, ಬೇಳೆ ಹಾಕಿ ತಟ್ಟೆಯನ್ನು ಅವಳ ಕೈಗೇ ಕೊಟ್ಟಳು. ಅವಳು ಕೂತೇ ಉಂಡಳು. ಬೇಳೆಗೆ ಉಪ್ಪು ಸರಿಯಾಗಿತ್ತು. ಉಣ್ಣುತ್ತ ಲ್ಯಾಬಿನ ಮೋಟಾರಿನ ಕಥೆ ಹೇಳಿದಳು, ಗುಬ್ಬಿಯ ಗಣಿತದ ಮೇಷ್ಟರ ಕಥೆ ಹೇಳಿದಳು, ಅರ್ಧದಲ್ಲಿ ಏನು ಹೇಳುತ್ತಿದ್ದೆ ಅನ್ನುವುದು ಮರೆತಳು.

"ಅತ್ತೆ, ಇಲ್ಲಿ ನಿಮಗೆ ಬೇಜಾರಾಗಲ್ವಾ?"

"ಆಗತ್ತೆ. ಸಂಜೆ ಹೊತ್ತು ಆಗತ್ತೆ." ಅತ್ತೆ ಸೂಜಿಗೆ ದಾರ ಪೋಣಿಸಿದಳು. "ಅಲ್ಲೂ ಆಗ್ತಿತ್ತು. ಅಲ್ಲಿ ಬೇಜಾರಾದ್ರೆ ಯಾರ ಮೇಲಾದ್ರೂ ಹಾಕಬಹುದಿತ್ತು. ಇಲ್ಲಿ ನಂದು ನಾನೇ ಇಟ್ಕೋಬೇಕು. ಹಿಂದಕ್ಕೆ ಒರಗು, ದಿಂಬು ಇದೆ. ಐದು ನಿಮಿಷ ಕಾಲು ಚಾಚು."

"ಐದೇ ನಿಮಿಷ. ನಾಲ್ಕು ಗಂಟೆ ಬಸ್ಸು..."

ಆ ವಾಕ್ಯ ಮುಗಿಯಲಿಲ್ಲ.

ಕಣ್ಣು ಬಿಟ್ಟಾಗ ದಕ್ಷಿಣದ ಕಿಟಕಿಯ ಬಿಸಿಲು ಎದುರು ಗೋಡೆಗೆ ಏರಿತ್ತು. ಮೈಮೇಲೆ ಹೊದಿಕೆ. ಒಂದು ಕ್ಷಣ ತಾನು ಯಾರ ಮನೆಯಲ್ಲಿದ್ದೇನೆಂದೇ ಹಲ್ಲಕ್ಕನಿಗೆ ತಿಳಿಯಲಿಲ್ಲ. ಆಮೇಲೆ ಧಡಕ್ಕನೆ ಎದ್ದು ಕಾಲು ಕೆಳಗಿಟ್ಟಳು.

"ಅಯ್ಯೋ, ಗಂಟೆ ಎಷ್ಟು?"

"ಐದೂವರೆ."

"ಎಬ್ಬಿಸಬಾರದಾ ಅತ್ತೆ! ಅಡುಗೆ ಆಗಿಲ್ಲ, ಇವರು ಬಂದಿರ್ತಾರೆ... ನನ್ನ ಫೋನೆಲ್ಲಿ?"

"ಬಡ್ಕೊಳ್ತಿತ್ತು. ಅಂಗಿಗಳ ಅಡಿ ಇಟ್ಟೆ. ಆಮೇಲೆ ನನ್ನದಕ್ಕೇ ಮಾಡಿದ."

"ಗಾಬರಿಯಾಗಿದ್ರಾ?"

"ಏನೂ ಇಲ್ಲ. ಮನೆಗೆ ಬೇಗ ಬಂದಿದ್ದಾನಂತೆ, ಟೀ ಪುಡಿ ಡಬ್ಬಿ ಎಲ್ಲಿದೆ ಅಂತ ಕೇಳೋಕೆ. ಮೇಲಿನ ಹಲಗೆ, ಎಡಗಡೆ ಅಂದೆ. ಗುಬ್ಬಿ ನಾಳೆ ಪರೀಕ್ಷೆ ಅಂತ ಇವತ್ತು ಇಲ್ಲಿಗೆ ಬಂದಿಲ್ಲ, ಅವಳಿಗೂ ಒಂದು ಲೋಟ ಮಾಡು, ಅನ್ನಕ್ಕೂ ನೀನೇ ಇಡು ಅಂದೆ. ಆಮೇಲೆ ಕೇಳಿದ, ಅವಳು ನಿನ್ನ ಹತ್ರ ಬಂದಿದ್ದಾಳಾ ಅಂತ."

"ನೀವೇನಂದ್ರಿ?"

ಅತ್ತೆ ಗುಂಡಿಗೆ ಗಂಟು ಹಾಕಿ, ಹಲ್ಲಿನಿಂದ ದಾರ ಕಚ್ಚಿದಳು.

"ಇಲ್ಲ ಅಂದೆ. ಮಲಗು, ಇನ್ನರ್ಧ ಗಂಟೆ."

ಕೆಳಗೆ ಇಸ್ತ್ರಿ ಪೆಟ್ಟಿಗೆ ಬುಸ್ಸೆಂದು ಹಬೆ ಬಿಟ್ಟಿತು. ಹಲ್ಲಕ್ಕ ಕಾಲು ಮೇಲೆತ್ತಿಕೊಂಡು, ಗೋಡೆಯ ಕಡೆ ತಿರುಗಿ, ಹೊದಿಕೆ ಎಳೆದುಕೊಂಡಳು.